ಉಜ್ಬೇಕಿಸ್ತಾನದಲ್ಲಿ ಆಡದೇ ಉಳಿದ ಪಂದ್ಯ

2022ರ ಆಗಸ್ಟ್‌ನಲ್ಲಿ ಗೋಕುಲಂ ಕೇರಳ ಕ್ಲಬ್‌ನ 23 ಆಟಗಾರ್ತಿಯರು ಏಷ್ಯಾ ಮಹಿಳಾ ಕ್ಲಬ್ ಚಾಂಪಿಯನ್‌ಷಿಪ್ ಆಡಲು ಉಜ್ಬೇಕಿಸ್ತಾನಕ್ಕೆ ಹೋದರು. ತಾಷ್ಕೆಂಟ್‌ನಲ್ಲಿ ಅವರನ್ನು ಎದುರುಗೊಂಡದ್ದು ಫಿಫಾ ಭಾರತದ ಫುಟ್‌ಬಾಲ್ ಫೆಡರೇಷನ್ನನ್ನು ಅಮಾನತು ಮಾಡಿದೆ ಎಂಬ ಸುದ್ದಿ. ಸಕಾಲಕ್ಕೆ ಚುನಾವಣೆ ನಡೆಯದೆ ಫೆಡರೇಷನ್ನಿನ ಆಡಳಿತ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿಯ ಕೈಗೆ ಹೋಗಿತ್ತು. ಅದು ಹೊರಗಿನವರ ಹಸ್ತಕ್ಷೇಪ ಎಂಬುದು ಫಿಫಾದ ವಾದ. ಕ್ಲಬ್ ಪ್ರಧಾನಿಗೆ ಬಹಿರಂಗ ಪತ್ರ ಬರೆಯಿತು, ಕ್ರೀಡಾ ಸಚಿವಾಲಯವೂ ಫಿಫಾಕ್ಕೆ ಮನವಿ ಮಾಡಿತು. 23ರಂದು ಆಡಬೇಕಿದ್ದ ಮೊದಲ ಪಂದ್ಯ ಆಡದೇ ಕಳೆಯಿತು. 26ರ ರಾತ್ರಿ ಅಮಾನತು ತೆರವಾದಾಗ ಅವರ ಪಾಲಿಗೆ ಟೂರ್ನಿ ಮುಗಿದೇ ಹೋಗಿತ್ತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಅಮಾನತಿನ ಸುದ್ದಿ ಬಂದ ಅದೇ ವಾರ, ಆಗಸ್ಟ್ 18ರಂದು, ಇದೇ ಗೋಕುಲಂನಲ್ಲಿ ಆಡಿ ಬೆಳೆದ ಪಂಜಾಬಿನ ಹೋಶಿಯಾರ್‌ಪುರದ ಮನೀಷಾ ಕಲ್ಯಾಣ್ ಸೈಪ್ರಸ್‌ನಲ್ಲಿ ಅಪೋಲೊನ್ ಕ್ಲಬ್ ಪರ ಬದಲಿ ಆಟಗಾರ್ತಿಯಾಗಿ ಮೈದಾನಕ್ಕಿಳಿದರು. ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್ ಆಡಿದ ಮೊದಲ ಭಾರತೀಯಳು ಎಂಬ ಗೌರವ ಆ ಸಂಜೆ ಅವರದಾಯಿತು. ಕೆಲವೇ ತಿಂಗಳ ಹಿಂದೆ ಒಂದೇ ಅಂಗಿ ತೊಟ್ಟು ಆಡಿದವರಲ್ಲಿ ಒಬ್ಬಳಿಗೆ ಯುರೋಪಿನ ಮೈದಾನ, ಉಳಿದವರಿಗೆ ಹೋಟೆಲಿನ ಕೋಣೆ. ಈ ಅಂತರಕ್ಕೆ ಪ್ರತಿಭೆ ಕಾರಣವಲ್ಲ.

ಗೋಕುಲಂನ ದಾಖಲೆ ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಈ ಕ್ಲಬ್ ಮೊದಲ ಬಾರಿ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದದ್ದು 2020ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲೇ. ಮಣಿಪುರದ ಕ್ರಿಫ್ಸಾ ಎದುರು ಪಂದ್ಯ 2–2ರಲ್ಲಿ ನಿಂತಿದ್ದಾಗ ನೇಪಾಳದ ಸಾಬಿತ್ರಾ ಭಂಡಾರಿ ಕೊನೆಯ ಘಳಿಗೆಯಲ್ಲಿ ಗೋಲು ಹೊಡೆದರು. ಕೋಚ್ ಆಗಿದ್ದವರು ಕೇರಳದ ಪಿ.ವಿ. ಪ್ರಿಯಾ. ಮುಂದಿನ ಋತು ಕೋವಿಡ್‌ಗೆ ಬಲಿಯಾಯಿತು. 2021ರ ನವೆಂಬರ್‌ನಲ್ಲಿ ಜೋರ್ಡಾನ್‌ನಲ್ಲಿ ಏಷ್ಯಾದ ಕ್ಲಬ್‌ಗಳ ಎದುರು ಆಡಿ ಉಜ್ಬೇಕಿಸ್ತಾನದ ಬುನ್ಯೋದ್ಕೋರ್ ತಂಡವನ್ನು 3–1ರಿಂದ ಸೋಲಿಸಿದರು. 2022ರ ಲೀಗ್‌ನಲ್ಲಿ 11ಕ್ಕೆ 11 ಪಂದ್ಯ ಗೆದ್ದರು. ಆದರೆ ಆ ಲೀಗ್ ಶುರುವಾದದ್ದು ಏಪ್ರಿಲ್ 15ಕ್ಕೆ, ಮುಗಿದದ್ದು ಮೇ 26ಕ್ಕೆ. ದೇಶದ ಅತ್ಯುತ್ತಮ ತಂಡಕ್ಕೆ ರಾಷ್ಟ್ರೀಯ ಲೀಗ್ ಎಂದರೆ ಆರು ವಾರ! ಮರುವರ್ಷದ್ದು ಇನ್ನೂ ಚಿಕ್ಕದು: ಒಂದು ತಿಂಗಳೂ ತುಂಬಲಿಲ್ಲ. ವರ್ಷದ ಉಳಿದ ದಿನಗಳಲ್ಲಿ ವೃತ್ತಿಪರ ಆಟಗಾರ್ತಿ ಏನು ಮಾಡಬೇಕು?

ಆಟಗಾರ್ತಿಯ ಮೈಯಲ್ಲಿ ಕಸುವಿರುವ ವರ್ಷಗಳು ಹತ್ತೋ ಹನ್ನೆರಡೋ. ಅದರಲ್ಲಿ ಕಳೆದುಹೋದ ಪಂದ್ಯವನ್ನು ಯಾರೂ ತುಂಬಿಕೊಡಲಾರರು. ಮಹಿಳಾ ಫುಟ್‌ಬಾಲ್‌ಗೆ ನಾವು ಕೊಡಬೇಕಾದದ್ದು ಆಡುವ ದಿನಗಳನ್ನು. ಸನ್ಮಾನ, ಶಾಲು, ಗೆದ್ದಾಗಿನ ಟ್ವೀಟು ಆಮೇಲಿನ ಮಾತು.

ಒಂದಿಷ್ಟು ಬದಲಾಗಿದೆ, ಅದನ್ನು ಹೇಳಲೇಬೇಕು. 2023ರ ಡಿಸೆಂಬರ್‌ನಲ್ಲಿ ಶುರುವಾದ ಲೀಗ್ ತವರು ಮತ್ತು ಎದುರಾಳಿಯ ಊರು ಎಂಬ ಕ್ರಮದಲ್ಲಿ ನಡೆಯಿತು. ಆಗ ತಂಡಗಳು ಏಳು, ಪ್ರತಿಯೊಂದಕ್ಕೂ 12 ಪಂದ್ಯ. ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಸಂಬಳದ ಕರಾರು ಮಾಡಿಕೊಳ್ಳಬೇಕೆಂದು ಫೆಡರೇಷನ್ ಸೂಚಿಸಿತು. 2025ರ ಜುಲೈನಲ್ಲಿ ಭಾರತ ಥಾಯ್ಲೆಂಡನ್ನು ಅದರದೇ ನೆಲದಲ್ಲಿ 2–1ರಿಂದ ಮಣಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು, ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದು. ಆದರೂ ಇಷ್ಟು ಪಂದ್ಯ ಸಾಲದು. ತಂಡಗಳ ಸಂಖ್ಯೆ ಹೆಚ್ಚಬೇಕು, ರಾಜ್ಯ ಲೀಗ್‌ಗಳು ದೀರ್ಘವಾಗಬೇಕು, ವೇಳಾಪಟ್ಟಿ ತಿಂಗಳುಗಳ ಮೊದಲೇ ಪ್ರಕಟವಾಗಬೇಕು.

ಇದು ಮಲಯಾಳಿಗಳ ಕ್ಲಬ್ಬಿನ ಕಥೆ ಮಾತ್ರವೇ? 2023ರ ಲೀಗ್ ಫೈನಲ್‌ನಲ್ಲಿ ಗೋಕುಲಂ ಎದುರು ಅಹಮದಾಬಾದಿನಲ್ಲಿ ಆಡಿದ್ದು ಬೆಂಗಳೂರಿನ ಕಿಕ್‌ಸ್ಟಾರ್ಟ್. 5–0ರಿಂದ ಸೋತಿತು, ನಿಜ. ಹಾಗಿದ್ದರೂ ದೇಶದ ಎರಡನೇ ಸ್ಥಾನ ನಮ್ಮೂರಿನ ಹೆಣ್ಣುಮಕ್ಕಳ ತಂಡದ್ದಾಗಿತ್ತು. ಐಪಿಎಲ್ ಟಿಕೆಟ್ಟಿಗೆ ರಾತ್ರಿಯಿಡೀ ಸಾಲು ನಿಲ್ಲುವ ಈ ನಗರದಲ್ಲಿ ಆ ಸುದ್ದಿ ಎಷ್ಟು ಮನೆ ತಲುಪಿತು? ಕಿಕ್‌ಸ್ಟಾರ್ಟ್ ಮುಂದಿನ ಸಲ ಬೆಂಗಳೂರಿನಲ್ಲಿ ಆಡುವಾಗ ಮನೆಯ ಮಗಳನ್ನು ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತು ನೋಡಿ.