ಹೊಂಡದ ಮೀನಿಗೆ ಸಣ್ಣ ಗುಳ್ಳೆಯ ಗಾಳಿ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ನಮ್ಮ ರೈತ ಬಾಂಧವರಲ್ಲಿ ಕೆಲವರು ದ್ರಾಕ್ಷಿ, ದಾಳಿಂಬೆಗಳಿಗಾಗಿ ತೋಡಿಸಿದ ಹೊಂಡಗಳಲ್ಲಿ ಮೀನನ್ನೂ ಬಿಡುತ್ತಿದ್ದಾರೆ. ಒಂದೇ ನೀರಿನಲ್ಲಿ ಎರಡು ಬೆಳೆ ತೆಗೆಯುವ ಈ ಉದ್ಯೋಗವನ್ನು ನಾವು ಮೆಚ್ಚುತ್ತೇವೆ. ಆದರೆ ಮೀನು ದಟ್ಟವಾದಲ್ಲಿ ಬೆಳಗಿನ ಜಾವದ ಸಾವಿನ ಭಯ ಇದ್ದೇ ಇದೆ. ಅದಕ್ಕೆ ಗಾಳಿಯೂದುವ ಯಂತ್ರ ಕೊಳ್ಳುವ ಮೊದಲು ಅದರ ಮರ್ಮವನ್ನು ತಿಳಿಯಬೇಕು.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. ಒಂದು ಲೀಟರ್ ನೀರು 25 ಡಿಗ್ರಿ ಉಷ್ಣತೆಯಲ್ಲಿ ಗಾಳಿಯಿಂದ ಹೀರಿಕೊಳ್ಳುವುದು ಹೆಚ್ಚೆಂದರೆ 8 ಮಿಲಿಗ್ರಾಂ. ಹಗಲಲ್ಲಿ ಹಸಿರು ಪಾಚಿ ಆಮ್ಲಜನಕವನ್ನು ಕೊಡುತ್ತದೆ. ರಾತ್ರಿ ಅದೇ ಪಾಚಿ ಮೀನಿನೊಡನೆ ಪಾಲಿಗೆ ನಿಲ್ಲುತ್ತದೆ. ಆದುದರಿಂದಲೇ ಮೂಡಲು ಕೆಂಪಾಗುವ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ತೆರೆಯುವುದು.

ಗಾಳಿ ನೀರಿಗೆ ಸೇರುವುದು ಗುಳ್ಳೆಯ ಮೈಯಿಂದ. ಒಂದು ಸೆಂಟಿಮೀಟರ್ ಅಡ್ಡಳತೆಯ ಒಂದು ಗುಳ್ಳೆಯನ್ನು ಒಂದು ಮಿಲಿಮೀಟರಿನ ಗುಳ್ಳೆಗಳಾಗಿ ಒಡೆದರೆ ಸಾವಿರ ಗುಳ್ಳೆಗಳಾಗುತ್ತವೆ. ಗಾಳಿ ಅಷ್ಟೇ, ಮೈ ಹತ್ತು ಪಟ್ಟು. ಅಲ್ಲದೆ ಸಣ್ಣ ಗುಳ್ಳೆ ಮೆಲ್ಲಗೆ ಏರುತ್ತದೆ. ನೀರಿನೊಡನೆ ಹೆಚ್ಚು ಹೊತ್ತು ಇರುತ್ತದೆ. ಕೊಳವೆಗೆ ಮೊಳೆಯಿಂದ ತೂತು ಹೊಡೆದರೆ ಬರುವ ದಪ್ಪ ಗುಳ್ಳೆ ಬುಳುಬುಳು ಸದ್ದು ಮಾಡಿ ಬಹುಪಾಲು ಗಾಳಿಯನ್ನು ಹಾಗೆಯೇ ಮೇಲಕ್ಕೆ ಹೊತ್ತೊಯ್ಯುತ್ತದೆ.

ಇದಕ್ಕಾಗಿಯೇ ರಬ್ಬರಿನ ಪೊರೆಯ ತಟ್ಟೆಗಳು ಬಂದಿವೆ. ಪೊರೆಯ ತುಂಬ ಕಣ್ಣಿಗೆ ಕಾಣದಂಥ ಸೀಳುಗಳು. ಗಾಳಿಯೊತ್ತಿದಾಗ ಪೊರೆ ಉಬ್ಬಿ ಸೀಳು ತೆರೆಯುತ್ತದೆ. ಗಾಳಿ ನಿಂತರೆ ಮುಚ್ಚಿಕೊಂಡು ಕೆಸರುನೀರನ್ನು ಒಳಗೆ ಬಿಡುವುದಿಲ್ಲ. ನಗರಗಳ ಕೊಳಚೆನೀರಿನ ಶುದ್ಧೀಕರಣದಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ.

ಆದರೆ ಎಲ್ಲರೂ ಇದನ್ನೇ ಕೊಳ್ಳಿರೆಂದು ನಾವು ಹೇಳಲಾರೆವು. ತಿಳಿನೀರಿನಲ್ಲಿ ಸಣ್ಣ ಗುಳ್ಳೆ ಒಂದು ಮೀಟರ್ ಆಳಕ್ಕೆ ತನ್ನ ಆಮ್ಲಜನಕದಲ್ಲಿ ಸುಮಾರು ನೂರಕ್ಕೆ 6 ಪಾಲನ್ನು ಕೊಡುತ್ತದೆ. ಹೊಂಡದ ನೀರಿನಲ್ಲಿ ಇನ್ನೂ ಕಡಿಮೆ. ಮೂರು ಮೀಟರ್ ಆಳದ ಹೊಂಡದಲ್ಲಿ ಇದು ಲಾಭದ ಮಾತು. ಎದೆಮಟ್ಟದ ಕೆರೆಯಲ್ಲಿ ನೀರನ್ನು ಚಿಮ್ಮಿಸುವ ಚಕ್ರವೇ ಮೇಲು. ಆಳವನ್ನು ಕೇಳದೆ ತಟ್ಟೆ ಮಾರುವವರನ್ನು ನಂಬಬೇಡಿರಿ.

ಇನ್ನೊಂದು ಮಾತು. ನಮ್ಮ ಬಾವಿಗಳ ಗಡಸು ನೀರಿನ ಸುಣ್ಣ ಸೀಳುಗಳಲ್ಲಿ ಕಟ್ಟಿಕೊಳ್ಳುತ್ತದೆ, ಲೋಳೆಯೂ ಹಿಡಿಯುತ್ತದೆ. ತಟ್ಟೆಗಳನ್ನು ಆಗಾಗ ಮೇಲೆತ್ತಿ, ಹೊಂಡದಿಂದ ದೂರದಲ್ಲಿ ತಿಕ್ಕಿ ತೊಳೆಯಬೇಕು. ಎತ್ತಲು ಬಾರದಂತೆ ಜೋಡಿಸಿದವನು ಎರಡನೆಯ ವರ್ಷಕ್ಕೆ ಕೊಂಡ ದುಡ್ಡನ್ನೇ ಕಳೆದುಕೊಳ್ಳಬಹುದು. ತಟ್ಟೆಯನ್ನು ತಳಕ್ಕಿಂತ ಒಂದಡಿ ಮೇಲೆ ಇಡಿರಿ. ಕೆಸರು ಕದಡದು, ಹಾಸಿದ ಪ್ಲಾಸ್ಟಿಕ್ಕೂ ಹರಿಯದು.

ಮಧ್ಯಾಹ್ನ ಪಾಚಿಯೇ ನೀರನ್ನು ತುಂಬಿಸಿರುವಾಗ ಯಂತ್ರ ನಡೆಸುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ನಡುರಾತ್ರಿಯಿಂದ ಹೊತ್ತು ಮೂಡುವವರೆಗೆ ನಡೆಸಿದರೆ ಸಾಮಾನ್ಯವಾಗಿ ಸಾಕು. ಆದರೆ ಅದೇ ಹೊತ್ತಿಗೆ ವಿದ್ಯುತ್ತು ಹೋದರೆ? ಯಂತ್ರದ ಭರವಸೆಯಿಂದ ಎರಡು ಪಟ್ಟು ಮೀನು ಬಿಟ್ಟವನಿಗೆ ಒಂದೇ ರಾತ್ರಿಯಲ್ಲಿ ಎಲ್ಲ ನಷ್ಟ. ವಿದ್ಯುತ್ತಿಗೆ ಬದಲಿ ವ್ಯವಸ್ಥೆ ಇಲ್ಲದವರು ಮೀನನ್ನು ಕಡಿಮೆ ಬಿಡುವುದೇ ಜಾಣತನ.

ನೀರಿನ ಆಮ್ಲಜನಕವನ್ನು ಅಳೆಯುವ ಉಪಕರಣವೊಂದನ್ನು ನಾಲ್ಕಾರು ಹೊಂಡಗಳವರು ಕೂಡಿ ಕೊಳ್ಳಲಿ. ಬೆಳಗಿನ ಜಾವದ ಅಳತೆ 5 ಮಿಲಿಗ್ರಾಂ ಇದ್ದರೆ ಯಂತ್ರದ ಮಾತೇ ಬೇಡ. 3ಕ್ಕೆ ಇಳಿದರೆ ತಡಮಾಡಬೇಡಿರಿ. ಮೊದಲು ಅಳತೆ, ಆಮೇಲೆ ಖರೀದಿ.