ಶಕವರ್ಷಕ್ಕೆ ಎಪ್ಪತ್ತೆಂಟು ಕೂಡಿಸುವಾಗ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟವಾಗಿ ಪ್ರಕಟಿಸಿದರು. ಅವನ್ನು ಓದುವಾಗ ನಾವು ಮೊದಲು ಮಾಡುವ ಕೆಲಸವೆಂದರೆ ಶಕವರ್ಷಕ್ಕೆ 78 ಕೂಡಿಸಿ ಕ್ರಿ.ಶ. ಎಂದು ಬರೆಯುವುದು. ಈ ಲೆಕ್ಕ ಅಗತ್ಯವೇ ಸರಿ. ಆದರೆ ಅದರೊಡನೆ ಒಂದು ಕಾಲಕಲ್ಪನೆಯೂ ಬಂದು ಸೇರುತ್ತದೆ.

ಮೊದಲ ತಲೆಮಾರಿನ ಕ್ರೈಸ್ತರಲ್ಲಿ ಅನೇಕರು ಕ್ರಿಸ್ತನ ಪುನರಾಗಮನವನ್ನು ತಮ್ಮ ಜೀವಿತಕಾಲದಲ್ಲಿಯೇ ನಿರೀಕ್ಷಿಸಿದ್ದರು. ಆ ನಿರೀಕ್ಷೆ ದೀರ್ಘವಾದಂತೆ ಕಾಲವನ್ನು ವ್ಯವಸ್ಥೆಗೊಳಿಸುವ ಕಾರ್ಯ ನಡೆಯಿತು. 321ರಲ್ಲಿ ಕಾನ್‌ಸ್ಟಂಟೈನನು ಭಾನುವಾರವನ್ನು ವಿಶ್ರಾಂತಿಯ ದಿನವೆಂದು ವಿಧಿಸಿದನು. ಲೋಕವೃತ್ತಾಂತವು ಮತ್ತೆ ಮತ್ತೆ ಆವರ್ತಿಸುತ್ತದೆಂಬ ಪ್ರಾಚೀನ ದಾರ್ಶನಿಕರ ಮತವನ್ನು ಸಂತ ಅಗಸ್ಟೀನನು ನಿರಾಕರಿಸಿ, ಕ್ರಿಸ್ತನು ಮಡಿದುದು ಒಮ್ಮೆ ಮಾತ್ರ ಎಂದನು. 525ರಲ್ಲಿ ಡಯೋನಿಸಿಯಸ್ ಎಕ್ಸಿಗಸ್ ಎಂಬ ಸಂನ್ಯಾಸಿ ಈಸ್ಟರ್ ದಿನಗಳ ಪಟ್ಟಿ ಸಿದ್ಧಪಡಿಸುವಾಗ, ಕ್ರೈಸ್ತರನ್ನು ಪೀಡಿಸಿದ ಡಯೊಕ್ಲೀಶಿಯನ್ನನ ಹೆಸರಿನ ವರ್ಷಗಣನೆಯನ್ನು ಕೈಬಿಟ್ಟು ಕ್ರಿಸ್ತನ ಅವತಾರದಿಂದ ಎಣಿಸಿದನು. ಕ್ರಿಸ್ತಶಕದ ಮೂಲ ಇದು.

ಇದನ್ನಾಧರಿಸಿ ‘ಕ್ರೈಸ್ತರ ಕಾಲ ರೇಖೆ, ಭಾರತೀಯರ ಕಾಲ ಚಕ್ರ’ ಎಂದು ಹೇಳುವ ರೂಢಿ ಬೆಳೆದಿದೆ. ಹೊಸನಗರ ತಾಲೂಕಿನ ಹುಂಚದ ಪಂಚಕೂಟ ಬಸದಿ ಈ ಮಾತಿಗೆ ಒಗ್ಗುವುದಿಲ್ಲ. ಅಗಲಿದ ಆತ್ಮೀಯರ ಪರೋಕ್ಷವಿನಯವಾಗಿ ಚಟ್ಟಲದೇವಿ ಅದನ್ನು ಕಟ್ಟಿಸಿದುದು ಶಕ 999ರಲ್ಲಿ, ಅಂದರೆ ಪಿಂಗಳ ಸಂವತ್ಸರದಲ್ಲಿ. ಪಿಂಗಳ 60 ವರ್ಷಕ್ಕೊಮ್ಮೆ ಮರಳುತ್ತದೆ. ಶಕ 999 ಮರಳುವುದಿಲ್ಲ. ಒಂದೇ ವರ್ಷದಲ್ಲಿ ಚಕ್ರವೂ ರೇಖೆಯೂ ಕೂಡಿವೆ. ಜೈನ ದರ್ಶನದಲ್ಲಿಯೂ ಉತ್ಸರ್ಪಿಣಿ, ಅವಸರ್ಪಿಣಿಗಳು ತಿರುಗುತ್ತಲೇ ಇರುತ್ತವೆ. ಮುಕ್ತಜೀವ ಮಾತ್ರ ಹಿಂದಿರುಗದು. ಅತ್ತ ಕ್ರೈಸ್ತರಲ್ಲಿಯೂ ಭಾನುವಾರ ವಾರವಾರವೂ ಈಸ್ಟರ್ ವರ್ಷವರ್ಷವೂ ಮರಳುತ್ತವೆ.

ನನ್ನ ದೃಷ್ಟಿಯಲ್ಲಿ ನಿಜವಾದ ಭೇದವಿರುವುದು ಬೇರೆಡೆ. ಕ್ರೈಸ್ತರು ಮರಳದ ಒಂದೇ ಘಟನೆಗೆ ಸಮಸ್ತ ಮನುಕುಲದ ಚರಿತ್ರೆಯನ್ನು ಕಟ್ಟಿದರು. ಜೈನರಲ್ಲಿ ಮರಳದಿರುವ ಭಾಗ್ಯ ಆಯಾ ಜೀವಕ್ಕೆ ಸ್ವಂತ ಸಾಧನೆಯಿಂದ ಲಭಿಸಬೇಕಾದುದು.

ಆದುದರಿಂದ ಶಾಸನವನ್ನು ಉಲ್ಲೇಖಿಸುವ ವಿದ್ಯಾರ್ಥಿಯು ‘1077’ ಎಂದಷ್ಟೇ ಬರೆದು ಮುಂದುವರಿಯಬಾರದು. ಶಕ, ಸಂವತ್ಸರ, ಮಾಸ, ತಿಥಿ, ವಾರಗಳಲ್ಲಿ ಮೂಲದಲ್ಲಿ ಇರುವಷ್ಟನ್ನೂ ಉಳಿಸಿಕೊಂಡು ಕ್ರಿ.ಶ. ವರ್ಷವನ್ನು ಅದರ ಪಕ್ಕದಲ್ಲಿ ಕೊಡಬೇಕು. ದಾನ ಕೊಟ್ಟವರು, ಅಗಲಿದವರನ್ನು ನೆನೆದವರು ತಮ್ಮ ದಿನವನ್ನು ಗುರುತಿಸಿಕೊಂಡ ಬಗೆ ಆ ಸಾಲುಗಳಲ್ಲಿಯೇ ಇದೆ.