ಹೂಡಿದ ಒಲೆ ಕೀಳಬೇಡಿ

ನನ್ನ ಅವ್ವನ ಅವ್ವ ಭೀಮಾ ಹೊಳೆಯ ಆಚೆ ದಂಡೆಯವಳು. ನಾವು ಅವಳನ್ನು ಆಯಿ ಅನ್ನುತ್ತಿದ್ದೆವು. ಅಫಜಲಪುರ ಸೀಮೆಯ ಹಳ್ಳಿಯಿಂದ ಈಚೆ ದಂಡೆಯ ಇಂಡಿ ತಾಲ್ಲೂಕಿಗೆ ಸೊಸೆಯಾಗಿ ಬಂದಳು. ಗಾಳಿ ಇತ್ತ ತಿರುಗಿದ ದಿನ ತವರೂರ ಗುಡಿಯ ನಗಾರಿ ಗಂಡನ ಮನೆಯ ಅಂಗಳಕ್ಕೆ ಕೇಳಿಸುತ್ತಿತ್ತಂತೆ. ಅಷ್ಟು ಹತ್ತಿರ. ಆದರೆ ಆಚೆ ದಂಡೆ ನಿಜಾಮನದು, ಈಚೆ ದಂಡೆ ಇಂಗ್ಲಿಷರ ಮುಂಬಯಿ ಪ್ರಾಂತದ್ದು. ನಮ್ಮವರು ಆ ಕಡೆಗೆ ಮೊಗಲಾಯಿ ಅನ್ನುತ್ತಿದ್ದರು. ಅಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು, ಇಲ್ಲಿ ಕಲ್ದಾರ್ ರೂಪಾಯಿ. ಅಂಚೆ ಚೀಟಿ ಬೇರೆ, ಕೋರ್ಟಿನ ಭಾಷೆ ಬೇರೆ. ದಾಟುವಲ್ಲಿ ಕರೋಡಗಿರಿ ನಾಕಾ ಇತ್ತು. ಸರಕಿನ ಗಂಟು ಬಿಚ್ಚಿಸಿ ಸುಂಕ ಹಾಕುತ್ತಿದ್ದರು. ಹೆಣ್ಣು ಕೊಡುವುದಕ್ಕೂ ತರುವುದಕ್ಕೂ ಮಾತ್ರ ಸುಂಕವಿರಲಿಲ್ಲ.

"ಹೊಳಿ ತುಂಬಿದ್ರ ಅಂಬಿಗಗ ಕೂಗು ಹಾಕ್ತಿದ್ದೆವು. ಬತ್ತಿದ್ರ ಸೀರಿ ಎತ್ತಿ ಕಟ್ಟಿ ನಡಕೊಂತ ಹೋಗ್ತಿದ್ದೆವು. ನೀ ಯಾವ ರಾಜ್ಯದಾಕಿ ಅಂತ ಯಾರೂ ಕೇಳ್ತಿರಲಿಲ್ಲ," ಅನ್ನುತ್ತಿದ್ದಳು ಆಯಿ.

ಕೇಳುವ ದಿನ ಬಂತು. 1947ರ ಆಗಸ್ಟ್ 15ರಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ತಿರಂಗ ಹಾರಿತು. ಹೊಳೆಯಾಚೆ ಹಾರಲಿಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲಿಲ್ಲ. ನವೆಂಬರ್ 29ರಂದು ದಿಲ್ಲಿಗೂ ಹೈದರಾಬಾದಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಕಾಗದದ ಮೇಲೆ ಎಲ್ಲ ಮೊದಲಿನಂತೆಯೇ ಇರಬೇಕಿತ್ತು. ಹೊಳೆಯ ಮೇಲೆ ಹಾಗಿರಲಿಲ್ಲ. ನಿಜಾಮನ ಪರ ನಿಂತ ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗತೊಡಗಿದರು. ಅವರನ್ನು ಎದುರಿಸಲು ಮುಂಡರಗಿ, ಗಜೇಂದ್ರಗಡದಂಥ ಗಡಿ ಊರುಗಳಲ್ಲಿ ಶಿಬಿರಗಳೆದ್ದವು. ಆಚೆಯ ಹೋರಾಟಕ್ಕೆ ಮುಂದಾಳಾದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಈಚೆಯ ನಮ್ಮ ಸಿಂದಗಿಯಲ್ಲಿ. ಈಚೆ ದಂಡೆಯಲ್ಲಿ ಹುಟ್ಟಿದವರು ಆಚೆ ದಂಡೆಯ ಜನಕ್ಕಾಗಿ ಜೈಲು ಸೇರಿದರು. ಹೊಳೆ ಎರಡು ಸರಕಾರಗಳ ನಡುವೆ ಹರಿಯುತ್ತಿತ್ತು, ಜನರ ನಡುವೆ ಹರಿಯುತ್ತಿರಲಿಲ್ಲ.

ಮರುವರ್ಷ ಆಯಿಗೆ ಹದಿನೇಳು, ಚೊಚ್ಚಲ ಬಸಿರು. ತವರಿನಿಂದ ಕುಬಸ ಬರಬೇಕಿತ್ತು: ಹಸಿರು ಸೀರೆ, ಹಸಿರು ಬಳೆ, ಐದು ಥರದ ಬುತ್ತಿ. ಬರಲಿಲ್ಲ. ಶ್ರಾವಣದಲ್ಲಿ ನಾಗರ ಪಂಚಮಿ ಬಂತು. ಕರೆಯಲು ಅಣ್ಣ ಬರಲಿಲ್ಲ. ಅಂಬಿಗ ಹರಿಗೋಲನ್ನು ದಂಡೆಗೆ ಬೋರಲು ಹಾಕಿಬಿಟ್ಟಿದ್ದ. ಅತ್ತಿಂದ ಗುಂಡು, ಇತ್ತಿಂದ ಸಂಶಯ. ಈಚೆಯ ಊರಲ್ಲೂ ಕೆಲವರು "ಮೊಗಲಾಯಿ ಹುಡುಗಿ, ಏನೇನ ಸುದ್ದಿ ಮುಟ್ಟಸ್ತಾಳೋ" ಅಂದರಂತೆ. ತವರನ್ನು ನೆನೆದು ಅಳುವ ಹದಿನೇಳರ ಬಸುರಿಯ ಮೇಲೆ ಗೂಢಚಾರಿಕೆಯ ಅನುಮಾನ! ಆಯಿ ಎಪ್ಪತ್ತು ದಾಟಿದ ಮೇಲೂ ಆ ಮಾತು ಹೇಳುವಾಗ ಅವಳ ದನಿ ನಡುಗುತ್ತಿತ್ತು.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹೊಕ್ಕಿತು. 17ಕ್ಕೆ ನಿಜಾಮ ಶರಣಾದ. ಅದೇ ಭಾದ್ರಪದದಲ್ಲಿ, ಇನ್ನೂ ತುಂಬಿ ಹರಿಯುತ್ತಿದ್ದ ಹೊಳೆಯ ಈಚೆಗೆ, ಗಂಡನ ಮನೆಯಲ್ಲೇ ಆಯಿ ಹಡೆದಳು. ಹುಟ್ಟಿದವಳು ನನ್ನ ಅವ್ವ. ಹನ್ನೆರಡನೇ ದಿನಕ್ಕೆ ಅಣ್ಣ ಹರಿಗೋಲಿನಲ್ಲಿ ಬಂದ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಕುಬಸದ ಸೀರೆಯನ್ನೇ ತೊಟ್ಟಿಲಿಗೆ ಕಟ್ಟಿದರಂತೆ.

ಆಯಿ ಹೇಳುತ್ತಿದ್ದ ಇನ್ನೊಂದು ಸಂಗತಿಯನ್ನೂ ಬರೆಯಲೇಬೇಕು, ಬಿಟ್ಟರೆ ಅನ್ಯಾಯವಾಗುತ್ತದೆ. ಸೇನೆ ಬಂದ ಮೇಲೆ ಹೊಳೆಯಾಚೆ ಮುಸ್ಲಿಂ ಮನೆಗಳ ಮೇಲೆ ಸೇಡು ಬಿತ್ತು. ನೆಹರೂ ಸರಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಪಕ್ಕದ ಗುಲಬರ್ಗಾವನ್ನೂ ಎಣಿಸಿತು. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ. ಆಯಿಯ ಬಾಲ್ಯದ ಗೆಳತಿಯೊಬ್ಬಳು, ತವರಿನ ಓಣಿಯ ಮುಸ್ಲಿಂ ಹುಡುಗಿ, ಆ ವಾರದ ನಂತರ ಎಲ್ಲಿ ಹೋದಳೆಂದು ಗೊತ್ತಾಗಲೇ ಇಲ್ಲ. "ಮೊದಲ ನಮ್ಮವರು ಓಡಿದರು, ಆಮ್ಯಾಲ ಅವರು ಓಡಿದರು. ಹೊಳಿ ಮಾತ್ರ ಅಲ್ಲೇ ಇತ್ತು," ಅನ್ನುತ್ತಿದ್ದಳು.

ಮುಂದೆ 1956ರ ನವೆಂಬರ್ 1ಕ್ಕೆ ವಿಜಾಪುರವೂ ಗುಲಬರ್ಗಾವೂ ಒಂದೇ ರಾಜ್ಯವಾದವು. ಈಗ ಹೊಳೆಗೆ ಸೇತುವೆಗಳಿವೆ. ಘತ್ತರಗಿ ಭಾಗ್ಯವಂತಿಗೆ ಹರಕೆ ಹೊತ್ತ ಸಿಂದಗಿಯವರು ಬೈಕಿನಲ್ಲಿ ಹೋಗಿ ಊಟದ ಹೊತ್ತಿಗೆ ಮನೆಗೆ ಬರುತ್ತಾರೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ನಾನು ಆಯಿಯ ಕಥೆಯನ್ನು ಮುಗಿದ ಕಥೆಯೆಂದೇ ನಂಬಿದ್ದೆ.

2016ರ ಜೂನ್ 24ರ ಬೆಳಗ್ಗೆ ಮಗನ ಫೋನ್ ಬಂತು. ಲಿಂಬಿ ತೋಟಕ್ಕೆ ನೀರು ಬಿಟ್ಟು ಬಂದು ಚಹಾ ಕುಡಿಯುತ್ತಿದ್ದೆ. "ಅವ್ವಾ, ಇಲ್ಲಿ ಮತದಾನ ಉಲ್ಟಾ ಆಗೇತಿ" ಅಂದ.

ಮಗ 2011ರಲ್ಲಿ ಓದಲು ಬ್ರಿಟನ್‌ಗೆ ಹೋದವನು. ಅಲ್ಲೇ ಕೆಲಸ ಸಿಕ್ಕಿತು. 2014ರಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳನ್ನು ಮದುವೆಯಾದ. ಅವಳು ಪೋಲೆಂಡಿನವಳು. ಅವಳ ದೇಶ 2004ರ ಮೇ 1ಕ್ಕೆ ಐರೋಪ್ಯ ಒಕ್ಕೂಟ ಸೇರಿತ್ತು, ಹೀಗಾಗಿ ವೀಸಾ ಇಲ್ಲದೆ ಬ್ರಿಟನ್‌ಗೆ ಬಂದು ದುಡಿಯುವ ಹಕ್ಕು ಅವಳಿಗಿತ್ತು. ಒಕ್ಕೂಟದ ನಿಯಮದಂತೆ, ಹಾಗೆ ಬಂದವರ ಗಂಡ ಅಥವಾ ಹೆಂಡತಿ ಯಾವ ದೇಶದವರೇ ಆಗಿರಲಿ, ಜೊತೆಗಿರುವ ಹಕ್ಕು ಅವರಿಗೂ ಸಿಗುತ್ತಿತ್ತು. ಇಂಡಿ ತಾಲ್ಲೂಕಿನ ನನ್ನ ಮಗ ಇಂಗ್ಲೆಂಡಿನಲ್ಲಿ ಉಳಿದದ್ದು ಪೋಲೆಂಡಿನ ಸೊಸೆಯ ಹಕ್ಕಿನ ನೆರಳಲ್ಲಿ. ಮೊಮ್ಮಗಳು ಹುಟ್ಟಿದ್ದು 2017ರಲ್ಲಿ, ಅವಳು ಬ್ರಿಟನ್ನಿನ ಪ್ರಜೆ. ಒಂದು ಮನೆ, ಒಂದು ಒಲೆ, ಮೂರು ದೇಶದ ಪಾಸ್‌ಪೋರ್ಟು. ಅವರು ಮುಂಬೈಗಿಳಿದು ಸೊಲ್ಲಾಪುರದವರೆಗೆ ರೈಲಿನಲ್ಲಿ ಬಂದು, ಝಳಕಿ ದಾಟಿ ಮನೆ ಮುಟ್ಟಿದಾಗ ನಾನು ಆರತಿ ತಟ್ಟೆ ಹಿಡಿದು ನಿಲ್ಲುತ್ತೇನೆ. ಸೊಸೆ ಖಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಾಳೆ. ಅವಳ ಭಾಷೆ ನನಗೆ ಬರುವುದಿಲ್ಲ. ನನ್ನ ಕನ್ನಡ ಅವಳಿಗೆ ಅರ್ಧ ಬರುತ್ತದೆ.

ಒಕ್ಕೂಟ ಬಿಡಬೇಕೆಂದು ಬ್ರಿಟನ್ನಿನ ಜನ ಹೇಳಿದ ಆ ಮತದಾನದ ನಂತರ ಮೂರ್ನಾಲ್ಕು ವರ್ಷ ನನ್ನ ಮಗನ ಮನೆಯಲ್ಲಿ ಸರಿಯಾಗಿ ನಿದ್ದೆಯಿರಲಿಲ್ಲ. ಬ್ರಿಟನ್ 2020ರ ಜನವರಿ 31ಕ್ಕೆ ಒಕ್ಕೂಟ ಬಿಟ್ಟಿತು, ಆ ವರ್ಷದ ಕೊನೆಗೆ ಮುಕ್ತ ಸಂಚಾರ ನಿಂತಿತು. ಆದರೆ ಒಂದು ಒಳ್ಳೆಯ ಕೆಲಸ ನಡೆದಿತ್ತು. ಬಿಡುವಾಗ ಮಾಡಿಕೊಂಡ ಒಪ್ಪಂದದಲ್ಲಿ, ಹಳೆಯ ನಿಯಮದಡಿ ಅಲ್ಲಿ ನೆಲೆ ನಿಂತ ಕುಟುಂಬಗಳು ಉಳಿಯಬಹುದು ಎಂದು ಬರೆದರು. 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಿತ್ತು. ಮಗ-ಸೊಸೆ ಹಾಕಿದರು, ಸಿಕ್ಕಿತು. ನನಗೆ ಕಾಗದ ತೋರಿಸು ಅಂದೆ. ಈಗ ಕಾಗದವೂ ಇಲ್ಲ, ಕಾರ್ಡೂ ಇಲ್ಲ, ಎಲ್ಲ ಇ-ವೀಸಾ ಅಂದ. ಆದರೂ ನನ್ನ ಎದೆ ಹಗುರಾಯಿತು. ಬಾಗಿಲು ಮುಚ್ಚಿದರು, ಒಳಗಿದ್ದವರನ್ನು ಹೊರಗೆ ನೂಕಲಿಲ್ಲ.

ಒಕ್ಕೂಟದ ಹಕ್ಕಿನ ನೆರಳು ಇಲ್ಲದವರ ಪಾಡು ಬೇರೆ. ಬ್ರಿಟನ್ನಿನಲ್ಲಿ ನೆಲೆಸಿದವರು ಹೊರದೇಶದ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬೇಕಾದರೆ ಇಂತಿಷ್ಟು ದುಡಿಮೆ ಇರಲೇಬೇಕೆಂದು 2012ರಲ್ಲಿ ಕಟ್ಟಳೆ ಮಾಡಿದರು. ಆಗ ವರ್ಷಕ್ಕೆ 18,600 ಪೌಂಡ್. 2024ರ ಏಪ್ರಿಲ್ 11ರಿಂದ 29,000 ಪೌಂಡ್. ನಮ್ಮ ರೂಪಾಯಿಯಲ್ಲಿ ಮೂವತ್ತು ಲಕ್ಷ ದಾಟುತ್ತದೆ. ಅಂಗಡಿಯಲ್ಲಿ ದುಡಿಯುವವರಿಗೆ, ಮುದುಕರ ಆರೈಕೆ ಮಾಡುವವರಿಗೆ ಅಷ್ಟು ಸಂಬಳ ಎಲ್ಲಿಂದ ಬರಬೇಕು? ಇದಕ್ಕೆ ಒಂದು ಬಳಸುದಾರಿ ಇತ್ತು. ಅದಕ್ಕೆ ಹೆಸರು ಬಂದದ್ದು ಒಬ್ಬ ಭಾರತೀಯನಿಂದ. ಸುರಿಂದರ್ ಸಿಂಗ್ ಎಂಬಾತ ಬ್ರಿಟಿಷ್ ಪ್ರಜೆಯನ್ನು ಮದುವೆಯಾಗಿ, ಇಬ್ಬರೂ ಜರ್ಮನಿಯಲ್ಲಿ ದುಡಿದು ಬ್ರಿಟನ್‌ಗೆ ಮರಳಿದ್ದರು. ಹಾಗೆ ಬೇರೆ ಸದಸ್ಯ ದೇಶದಲ್ಲಿ ದುಡಿದು ತನ್ನ ದೇಶಕ್ಕೆ ಮರಳುವ ಪ್ರಜೆ ಸಂಗಾತಿಯನ್ನೂ ಜೊತೆಗೆ ತರಬಹುದು ಎಂದು ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯ 1992ರ ಜುಲೈ 7ರಂದು ತೀರ್ಪು ಕೊಟ್ಟಿತು. ಸಂಬಳ ಸಾಲದವರು ಐರ್ಲೆಂಡಿಗೋ ಮತ್ತೆಲ್ಲಿಗೋ ಹೋಗಿ ಕೆಲವು ಕಾಲ ದುಡಿದು, ಸಂಗಾತಿಯೊಡನೆ ಮರಳುತ್ತಿದ್ದರು. 2022ರ ಮಾರ್ಚ್ 29ಕ್ಕೆ ಆ ದಾರಿಯೂ ಮುಚ್ಚಿತು.

ಇಷ್ಟನ್ನೂ ಬೇರೆ ದೇಶದ ದೂರು ಎಂದು ಓದಬೇಡಿ. ನಮ್ಮ ಅಂಗಳಕ್ಕೆ ಬನ್ನಿ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಹೆಂಡಂದಿರ ಕಣ್ಣೆದುರೇ ಗಂಡಂದಿರನ್ನು ಕೊಂದರು. ಆ ಸಿಟ್ಟು ನನ್ನದೂ ಹೌದು. ಕೊಂದವರಿಗೂ ಕಳಿಸಿದವರಿಗೂ ಶಿಕ್ಷೆಯಾಗಲೇಬೇಕು. ಎರಡು ದಿನ ಬಿಟ್ಟು ಬಂದ ಕೇಂದ್ರ ಸರಕಾರದ ಆದೇಶ ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು 27ರಿಂದ ರದ್ದು ಮಾಡಿತು. ಚಿಕಿತ್ಸೆಗೆ ಬಂದವರಿಗೆ 29ರವರೆಗೆ ಅವಕಾಶ ಕೊಟ್ಟಿತು. ಅಟಾರಿ ಗಡಿಯಲ್ಲಿ ಆ ವಾರ ಕಂಡ ದೃಶ್ಯಗಳನ್ನು ನೀವೂ ಟಿ.ವಿ.ಯಲ್ಲಿ ನೋಡಿದ್ದೀರಿ. ತಾಯಿಯ ಕೈಯಲ್ಲಿ ಭಾರತದ ಪಾಸ್‌ಪೋರ್ಟು, ಮಕ್ಕಳ ಹೆಸರಲ್ಲಿ ಪಾಕಿಸ್ತಾನದ್ದು. ಮಕ್ಕಳು ದಾಟಬೇಕು, ತಾಯಿ ದಾಟುವಂತಿಲ್ಲ. ಕರಾಚಿಯೊಡನೆ ಹಳೆಯ ನಂಟಿರುವ ನಮ್ಮ ಭಟ್ಕಳದಲ್ಲಿ ಇಲ್ಲಿಗೆ ಸೊಸೆಯಾಗಿ ಬಂದ ಹೆಂಗಸರು ಏನಾಗುವುದೋ ಎಂದು ಬಾಗಿಲು ಹಾಕಿಕೊಂಡು ಕುಳಿತರು. ದೀರ್ಘಾವಧಿ ವೀಸಾ ಉಳ್ಳವರಿಗೆ ವಿನಾಯಿತಿ ಎಂದು ಸರಕಾರ ಹೇಳಿದ್ದರಿಂದ ಬಹಳ ಜನ ಉಳಿದುಕೊಂಡರು. ಅದು ಸರಿಯಾದ ತೀರ್ಮಾನ. ಆದರೆ ಅದು ಸರಕಾರ ಕೊಟ್ಟ ವಿನಾಯಿತಿ. ಕೊಟ್ಟವರು ನಾಳೆ ಹಿಂತೆಗೆದುಕೊಳ್ಳಬಹುದು. ಹತ್ತಿಪ್ಪತ್ತು ವರ್ಷ ಇಲ್ಲೇ ಬೆವರು ಸುರಿಸಿ, ಇಲ್ಲೇ ಹಡೆದು, ಅತ್ತೆ ಮಾವಂದಿರನ್ನು ಇಲ್ಲೇ ಮಣ್ಣು ಮಾಡಿದವಳು ಪ್ರತಿ ಸಲ ಗಡಿಯಲ್ಲಿ ಗುಂಡು ಹಾರಿದಾಗಲೂ ತಾನು ಉಳಿಯುತ್ತೇನೋ ಇಲ್ಲವೋ ಎಂದು ಸುದ್ದಿ ನೋಡುತ್ತ ಕೂರಬೇಕೆ?

ಅವಳ ಮುಖದಲ್ಲಿ ನನಗೆ ಆಯಿ ಕಾಣುತ್ತಾಳೆ. ಮೊಗಲಾಯಿ ಹುಡುಗಿ.

ಕಾನೂನು ಏನನ್ನುತ್ತದೆ ನೋಡಿ. 1955ರ ಪೌರತ್ವ ಕಾಯ್ದೆಯ ಪ್ರಕಾರ ಭಾರತೀಯರನ್ನು ಮದುವೆಯಾದವರು ಏಳು ವರ್ಷ ಇಲ್ಲಿ ವಾಸವಿದ್ದ ಮೇಲೆ ಪೌರತ್ವ ಕೇಳಬಹುದು. ಕೇಳಬಹುದು, ಅಷ್ಟೇ. ಕೊಡಲೇಬೇಕೆಂಬ ನಿಯಮವಿಲ್ಲ. ನನ್ನ ಸೊಸೆಯಂಥವರು ಮದುವೆಯಾಗಿ ಎರಡು ವರ್ಷ ಕಳೆದ ಮೇಲೆ ಸಾಗರೋತ್ತರ ಭಾರತೀಯ ಪೌರತ್ವದ ಕಾರ್ಡು ಪಡೆಯಬಹುದು. ಹೆಸರಿಗೆ ಪೌರತ್ವ, ಮತವಿಲ್ಲ, ಹೊಲ ಕೊಳ್ಳುವಂತಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶಗಳ ಪ್ರಜೆಯಾಗಿದ್ದವರಿಗೆ ಆ ಕಾರ್ಡೂ ಇಲ್ಲ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಗೆ ಬಂದಿದೆ. ಇಂಗ್ಲಿಷರ ಕಾಲದ 1946ರ ವಿದೇಶಿಯರ ಕಾಯ್ದೆಯನ್ನು ಅದು ತೆಗೆದುಹಾಕಿತು. ಎಂಬತ್ತು ವರ್ಷ ಹತ್ತಿರವಾದ ಕಾನೂನನ್ನು ಬದಲಿಸುವಾಗಲಾದರೂ ಭಾರತೀಯರ ಗಂಡ, ಹೆಂಡತಿ, ಮಕ್ಕಳಿಗೆಂದು ಒಂದು ಹಕ್ಕಿನ ಕಲಮು ಸೇರಿಸಬಹುದಿತ್ತು. ಸೇರಿಸಲಿಲ್ಲ.

ದೇಶದ ಭದ್ರತೆ ದೊಡ್ಡದಲ್ಲವೇ ಎಂದು ಕೇಳುವವರು ನನ್ನ ಓಣಿಯಲ್ಲೇ ಇದ್ದಾರೆ, ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ದೊಡ್ಡದು. ಒಬ್ಬ ವ್ಯಕ್ತಿಯ ಮೇಲೆ ಅನುಮಾನವಿದ್ದರೆ ಅವರನ್ನು ವಿಚಾರಿಸಲಿ, ನ್ಯಾಯಾಲಯದ ಮುಂದೆ ನಿಲ್ಲಿಸಲಿ, ತಪ್ಪು ಸಾಬೀತಾದರೆ ಹೊರಗೆ ಕಳಿಸಲಿ. ಪಾಸ್‌ಪೋರ್ಟಿನ ಬಣ್ಣ ನೋಡಿ ಸಾರಾಸಗಟಾಗಿ ಎಬ್ಬಿಸುವುದರಿಂದ ಭದ್ರತೆ ಹೆಚ್ಚುವುದಿಲ್ಲ. 1948ರಲ್ಲಿ ಆಯಿಯನ್ನು ತವರಿನಿಂದ ಅಗಲಿಸಿದ್ದರಿಂದ ಒಬ್ಬ ರಜಾಕಾರನೂ ಕಡಿಮೆಯಾಗಲಿಲ್ಲ.

ನಾನು ಕೇಳುವುದು ಎರಡೇ. ಭಾರತೀಯರ ಸಂಗಾತಿ ಮತ್ತು ಅಪ್ರಾಪ್ತ ಮಕ್ಕಳ ವೀಸಾವನ್ನು ಒಂದೇ ಸಾಲಿನ ಸಾಮೂಹಿಕ ಆದೇಶದಿಂದ ರದ್ದು ಮಾಡುವಂತಿಲ್ಲ, ಒಬ್ಬೊಬ್ಬರ ಮಾತು ಕೇಳಿದ ಮೇಲೆಯೇ ತೀರ್ಮಾನ ಎಂದು ಹೊಸ ಕಾಯ್ದೆಯಲ್ಲಿ ಬರೆಯಲಿ. ಎರಡನೆಯದು, ಮುಂದೆ ಯಾವ ಸರಕಾರ ನಿಯಮ ಬದಲಿಸಿದರೂ ಅದು ಮುಂದಿನ ಮದುವೆಗಳಿಗೆ ಅನ್ವಯವಾಗಲಿ. ಹಳೆಯ ನಿಯಮ ನಂಬಿ ಒಲೆ ಹೂಡಿದವರನ್ನು ಹಳೆಯ ನಿಯಮವೇ ಕಾಯಲಿ. ನನ್ನ ಮಗನಿಗೆ ಬ್ರಿಟನ್ ಅಷ್ಟನ್ನಾದರೂ ಕೊಟ್ಟಿತು. ಅದೇ ಬ್ರಿಟನ್ ಇವತ್ತು ಸಂಬಳದ ಅಳತೆಗೋಲು ಹಿಡಿದು ನಮ್ಮ ಹುಡುಗ ಹುಡುಗಿಯರ ಸಂಸಾರ ಒಡೆಯುತ್ತಿರುವಾಗ, ಅವರೊಡನೆ ಮಾತುಕತೆಗೆ ಕೂರುವ ನಮ್ಮ ಮಂತ್ರಿಗಳು ಇದನ್ನೂ ಎತ್ತಬೇಕು. ಆದರೆ ನಮ್ಮ ಮನೆಯಲ್ಲಿ ಇಲ್ಲದ ನಿಯಮವನ್ನು ಅವರ ಬಾಗಿಲಲ್ಲಿ ನಿಂತು ಹೇಗೆ ಕೇಳುತ್ತಾರೆ?

ಈ ಎರಡು ಬೇಡಿಕೆ ಬರೆದು ನಮ್ಮ ಕ್ಷೇತ್ರದ ಸಂಸದರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಹೊರದೇಶದ ಸೊಸೆಯೋ ಅಳಿಯನೋ ಮೊಮ್ಮಗುವೋ ಇರುವ ಮನೆಗಳು ಇವತ್ತು ಇಂಡಿಯಲ್ಲೂ ಇವೆ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲೂ ಇವೆ. ನಿಮ್ಮದು ಅಂಥ ಮನೆಯಾಗಿದ್ದರೆ, ದಯವಿಟ್ಟು ನೀವೂ ಒಂದು ಪತ್ರ ಬರೆಯಿರಿ.